ನಾಬ್ಲುಸ್ ನಗರದ ಮೇಯರ್ ಕುರ್ಚಿ: ಕಾರವಾರದ ಒಂದು ಉಪನ್ಯಾಸ ಮಾಲೆಯ ವಿಮರ್ಶೆ

ಕಾರವಾರದ ಕೋಡಿಬಾಗ ಕಡೆಗಿರುವ ಖಾಸಗಿ ವಾಚನಾಲಯವೊಂದು ಈ ಮಳೆಗಾಲದಲ್ಲಿ ನಗರಾಡಳಿತದ ಇತಿಹಾಸವನ್ನು ಕುರಿತು ಭಾನುವಾರದ ಉಪನ್ಯಾಸ ಮಾಲೆ ನಡೆಸುತ್ತಿದೆ. ವಾರಕ್ಕೊಂದು ಊರನ್ನು ಎತ್ತಿಕೊಂಡು, ಅಲ್ಲಿಯ ಪೌರಾಡಳಿತ ಹುಟ್ಟಿ ಬೆಳೆದ ಬಗೆಯನ್ನು ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರು ವಿವರಿಸುತ್ತಾರೆ. ಪ್ರವೇಶ ಶುಲ್ಕ 100 ರೂಪಾಯಿ. ಟಿಪ್ಪಣಿ ಪುಸ್ತಿಕೆ ಮತ್ತು ನಡುವಿನ ಚಹಾ ಅದರಲ್ಲೇ ಸೇರಿವೆ. ಪ್ಯಾಲೆಸ್ಟೈನಿನ ನಾಬ್ಲುಸ್ ನಗರದ ಮೇಯರ್ ಹುದ್ದೆಯನ್ನು ಕುರಿತ ಉಪನ್ಯಾಸ ಈ ಮಾಲೆಯಲ್ಲೇ ಅತ್ಯಂತ ಗಟ್ಟಿಯಾದದ್ದು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸರಿಪಡಿಸಬೇಕಾದ ಕೊರತೆಗಳೂ ಇವೆ.

ಉಪನ್ಯಾಸದ ಜೀವಾಳವೆಂದರೆ ಗೋಡೆಗೆ ಅಂಟಿಸಿದ್ದ ದೊಡ್ಡದೊಂದು ಕೈಬರಹದ ಪಟ್ಟಿ. ಮೊದಲ ಅಂಕಣದಲ್ಲಿ ಮೇಯರುಗಳ ಹೆಸರು, ಎರಡನೆಯದರಲ್ಲಿ ಅವಧಿ, ಮೂರನೆಯದರಲ್ಲಿ ಕೆಂಪು ಶಾಯಿಯಲ್ಲಿ ‘ಕುರ್ಚಿಯಲ್ಲಿ ಕೂರಿಸಿದವರು’. ಹೆಸರು ಮತ್ತು ಇಸವಿಗಳನ್ನು ಎಲ್ಲಿಯಾದರೂ ಹುಡುಕಿ ತೆಗೆಯಬಹುದು, ಆದರೆ ಈ ಮೂರನೆಯ ಅಂಕಣವನ್ನು ಮೇಲಿಂದ ಕೆಳಗೆ ಓದಿಕೊಂಡು ಹೋದರೆ ಆ ಊರಿನ ಒಂದೂವರೆ ಶತಮಾನದ ರಾಜಕೀಯವೇ ಎದುರಿಗೆ ಬಂದು ನಿಲ್ಲುತ್ತದೆ. ನಾಬ್ಲುಸ್ ಪೌರಸಭೆ ಸ್ಥಾಪನೆಯಾದದ್ದು 1869ರಲ್ಲಿ, ಆಟೊಮನ್ ಆಳ್ವಿಕೆಯ ಕಾಲದಲ್ಲಿ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು; ಅದಾದ ಕೆಲವೇ ವರ್ಷಗಳಲ್ಲಿ ಅಲ್ಲಿ ಆ ಸಭೆ ಹುಟ್ಟಿತು ಎಂದು ಉಪನ್ಯಾಸಕರು ಹೇಳಿದಾಗ, ಕಾಲದ ಅಳತೆ ಸಭಿಕರಿಗೆ ಕೂಡಲೇ ಸಿಕ್ಕಿತು.

ಆಟೊಮನ್ ಕಾನೂನಿನಡಿ ತೆರಿಗೆ ಕಟ್ಟುವ ಗಂಡಸರು ಸದಸ್ಯರನ್ನು ಆರಿಸುತ್ತಿದ್ದರು, ಆದರೆ ಅವರಲ್ಲಿ ಅಧ್ಯಕ್ಷರಾಗುವವರು ಯಾರೆಂದು ತೀರ್ಮಾನಿಸುತ್ತಿದ್ದದ್ದು ಸರಕಾರ. 1918ರಲ್ಲಿ ಬ್ರಿಟಿಷರು ಬಂದರು, 1948ರ ಯುದ್ಧದ ನಂತರ ಜೋರ್ಡಾನ್ ಬಂತು. ಎರಡೂ ಆಡಳಿತಗಳು ತಮ್ಮ ತಮ್ಮ ಪೌರ ಕಾನೂನುಗಳನ್ನು ತಂದರೂ, ಚುನಾಯಿತ ಸದಸ್ಯರೊಳಗಿಂದ ಮೇಯರನ್ನು ನೇಮಿಸುವ ಅಧಿಕಾರವನ್ನು ಮಾತ್ರ ಕೈಬಿಡಲಿಲ್ಲ. ನಮ್ಮಲ್ಲಿ ನಗರಸಭೆಯ ಅಧ್ಯಕ್ಷರನ್ನು ಸದಸ್ಯರೇ ಮತ ಹಾಕಿ ಆರಿಸುತ್ತಾರಾದ್ದರಿಂದ, ಈ ವ್ಯತ್ಯಾಸವನ್ನು ಉಪನ್ಯಾಸಕರು ನಿಧಾನವಾಗಿ ಬಿಡಿಸಿ ಹೇಳಿದ್ದು ಬಹಳ ಉಪಯುಕ್ತವಾಯಿತು.

ಸುಲೇಮಾನ್ ತೂಕಾನ್ ಅವರನ್ನು ಕುರಿತ ಭಾಗ ನನಗೆ ತೀರ ಅವಸರದ್ದೆನಿಸಿತು. 1925ರಿಂದ 1951ರವರೆಗೆ, ಎರಡು ಆಡಳಿತಗಳ ಕೆಳಗೆ, ಅದೇ ಕುರ್ಚಿಯಲ್ಲಿ ಉಳಿದವರು ಅವರು. 1927ರ ಜುಲೈ ತಿಂಗಳ ಭೂಕಂಪದಲ್ಲಿ ನಾಬ್ಲುಸ್ ತೀವ್ರವಾಗಿ ಹಾಳಾದಾಗ ಮೇಯರ್ ಆಗಿದ್ದವರೂ ಅವರೇ. ಕುಸಿದ ಊರನ್ನು ಮತ್ತೆ ಎತ್ತಿ ಕಟ್ಟುವ ಹೊಣೆ ಒಂದು ಪೌರಸಭೆಯ ಪಾಲಿಗೆ ಎಂಥದ್ದಾಗಿರುತ್ತದೆ ಎಂಬುದನ್ನು ಕೇಳುವ ಆಸೆ ನನಗಿತ್ತು. ಸಿಕ್ಕಿದ್ದು ಒಂದು ಛಾಯಾಚಿತ್ರ ಮತ್ತು ಎರಡು ವಾಕ್ಯ. ಅವರು 1958ರ ಇರಾಕ್ ಕ್ರಾಂತಿಯ ವೇಳೆ ಬಾಗ್ದಾದಿನಲ್ಲಿ ಹತರಾದ ಸಂಗತಿ ಪುಸ್ತಿಕೆಯಲ್ಲಿದೆ, ಮಾತಿನಲ್ಲಿ ಬರಲಿಲ್ಲ.

1967ರ ಯುದ್ಧದಲ್ಲಿ ನಾಬ್ಲುಸ್ ಸೇರಿದಂತೆ ಪಶ್ಚಿಮ ದಂಡೆ ಇಸ್ರೇಲಿನ ವಶವಾಯಿತು; ಅದರ ನಂತರದ ಭಾಗಕ್ಕೆ ಮಾತ್ರ ಮನಸಾರೆ ಮೆಚ್ಚುಗೆ ಸಲ್ಲಬೇಕು. ಇಸ್ರೇಲಿನ ಸೇನಾಡಳಿತ 1976ರ ಏಪ್ರಿಲ್ 12ರಂದು ಪಶ್ಚಿಮ ದಂಡೆಯಲ್ಲಿ ಪೌರ ಚುನಾವಣೆ ನಡೆಸಿತು. ಅದುವರೆಗೆ ಆಸ್ತಿ ತೆರಿಗೆ ಕಟ್ಟುವ ಗಂಡಸರಿಗಷ್ಟೇ ಇದ್ದ ಮತದ ಹಕ್ಕು ಆ ಸಲ ಮಹಿಳೆಯರಿಗೂ ಆಸ್ತಿಯಿಲ್ಲದವರಿಗೂ ದೊರಕಿತು. ತನಗೆ ಹೊಂದಿಕೊಂಡು ಹೋಗುವವರು ಗೆಲ್ಲುತ್ತಾರೆಂಬ ಸೇನಾಡಳಿತದ ನಿರೀಕ್ಷೆ ಹುಸಿಯಾಗಿ, ಪ್ಯಾಲೆಸ್ಟೈನ್ ವಿಮೋಚನಾ ಸಂಘಟನೆಯ ಪರವಾಗಿದ್ದ ರಾಷ್ಟ್ರವಾದಿಗಳು ಊರೂರಿನಲ್ಲಿ ಗೆದ್ದರು. ನಾಬ್ಲುಸ್‌ನಲ್ಲಿ ಬಸ್ಸಾಮ್ ಶಕಾ, ರಾಮಲ್ಲಾದಲ್ಲಿ ಕರೀಮ್ ಖಲಫ್, ಹೆಬ್ರಾನಿನಲ್ಲಿ ಫಹದ್ ಕವಾಸ್ಮಿ ಮೇಯರುಗಳಾದರು. 1980ರ ಮೇ ತಿಂಗಳಲ್ಲಿ ಕವಾಸ್ಮಿಯವರನ್ನು ಗಡೀಪಾರು ಮಾಡಲಾಯಿತು. ಜೂನ್ 2ರಂದು ಯಹೂದಿ ಭೂಗತ ಗುಂಪೊಂದು ಮೇಯರುಗಳ ಕಾರುಗಳಿಗೆ ಬಾಂಬ್ ಇಟ್ಟಿತು. ಶಕಾ ಎರಡೂ ಕಾಲುಗಳನ್ನು ಕಳೆದುಕೊಂಡರು, ಖಲಫ್ ಅವರ ಪಾದಕ್ಕೆ ಊನವಾಯಿತು, ಅಲ್‌ಬೀರೆಯ ಮೇಯರ್ ಇಬ್ರಾಹೀಮ್ ತವೀಲ್ ಪಾರಾದರಾದರೂ ಅವರ ಗ್ಯಾರೇಜಿನ ಬಾಂಬನ್ನು ನಿಷ್ಕ್ರಿಯಗೊಳಿಸಲು ಹೋದ ಇಸ್ರೇಲಿ ಗಡಿ ಪೊಲೀಸನೊಬ್ಬ ದೃಷ್ಟಿ ಕಳೆದುಕೊಂಡ. ಶಕಾ ಆಮೇಲೂ ಹುದ್ದೆಯಲ್ಲಿ ಮುಂದುವರಿದರು. 1982ರ ಮಾರ್ಚಿನಲ್ಲಿ ಸೇನಾಡಳಿತ ಅವರನ್ನು ವಜಾ ಮಾಡಿ ತನ್ನ ಅಧಿಕಾರಿಯ ಕೈಗೆ ಪೌರಸಭೆಯನ್ನು ಕೊಟ್ಟಿತು.

ಪಟ್ಟಿಯ ಮೂರನೆಯ ಅಂಕಣದಲ್ಲಿ ಈ ಅವಧಿಯ ಎದುರು ‘ಸೇನಾಧಿಕಾರಿ’ ಎಂದಷ್ಟೇ ಬರೆದಿತ್ತು. ಚಹಾದ ಹೊತ್ತಿನಲ್ಲಿ ಹೆಚ್ಚಿನವರು ಆ ಸಾಲಿನ ಮುಂದೆಯೇ ನಿಂತಿದ್ದರು. ಮೀಸಲಾತಿ ವ್ಯಾಜ್ಯದಿಂದ ಅಧ್ಯಕ್ಷರ ಆಯ್ಕೆ ನಿಂತುಹೋಗಿ ಆಡಳಿತಾಧಿಕಾರಿಗಳ ಕೈಯಲ್ಲಿ ನಗರಸಭೆ ನಡೆಯುವುದನ್ನು ನಮ್ಮ ಜಿಲ್ಲೆಯವರು ಕಂಡಿದ್ದಾರೆ. ಒಬ್ಬ ಮಾಜಿ ಸದಸ್ಯರು ಅದನ್ನೇ ಎತ್ತಿದಾಗ, ಇಲ್ಲಿಯದು ನ್ಯಾಯಾಲಯ ತೀರಿಸಬಲ್ಲ ತಕರಾರು, ಅಲ್ಲಿಯದು ಮತದಾರನಿಗೆ ಪ್ರಶ್ನಿಸಲು ಬಾರದ ಪರಕೀಯ ಸೇನೆಯ ಆಜ್ಞೆ ಎಂದು ಉಪನ್ಯಾಸಕರು ಸ್ಪಷ್ಟವಾಗಿ ಬೇರ್ಪಡಿಸಿದರು. ಹೋಲಿಕೆಯ ಸೆಳೆತಕ್ಕೆ ಬೀಳದ ಈ ಎಚ್ಚರ ನನಗೆ ತುಂಬ ಹಿಡಿಸಿತು.

ಮುಂದಿನ ಕಥೆಯೂ ಕಠೋರವಾದದ್ದೇ. ವಾಣಿಜ್ಯ ಸಂಸ್ಥೆಯ ಮುಖ್ಯಸ್ಥರಾಗಿದ್ದ ಜಾಫರ್ ಅಲ್‌ಮಸ್ರಿ 1985ರ ಕೊನೆಗೆ ಇಸ್ರೇಲಿನ ನೇಮಕದಿಂದ ಮೇಯರ್ ಆದರು. 1986ರ ಮಾರ್ಚ್ 2ರಂದು ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಪ್ಯಾಲೆಸ್ಟೈನಿಗರಿಗೆ ಸೀಮಿತ ಸ್ವಾಡಳಿತ ತಂದ ಒಸ್ಲೋ ಒಪ್ಪಂದದ ನಂತರ 1994ರಲ್ಲಿ ಗಸ್ಸಾನ್ ಶಕಾ ಅವರನ್ನು ವಿಮೋಚನಾ ಸಂಘಟನೆಯ ನಾಯಕ ಯಾಸರ್ ಅರಾಫತ್ ನೇಮಿಸಿದರು. ಮತಪೆಟ್ಟಿಗೆಯ ಮೂಲಕ ಮೇಯರ್ ಬಂದದ್ದು ಮತ್ತೆ 2005ರ ಡಿಸೆಂಬರಿನಲ್ಲೇ. ಹಮಾಸ್ ಬೆಂಬಲಿತ ಪಟ್ಟಿ 15ರಲ್ಲಿ 13 ಸ್ಥಾನ ಗೆದ್ದು ಅದ್ಲಿ ಯಈಶ್ ಮೇಯರ್ ಆದರು. 2007ರ ಮೇ ತಿಂಗಳಲ್ಲಿ ಇಸ್ರೇಲ್ ಅವರನ್ನು ಬಂಧಿಸಿತು. ಈ ಭಾಗವನ್ನು ಯಾರ ಪರವಾಗಿಯೂ ವಾದಿಸದೆ, ಘಟನೆಗಳ ಕ್ರಮವನ್ನು ಬಿಡದೆ ನಿರೂಪಿಸಿದ ರೀತಿ ಮಾದರಿಯಾದದ್ದು.

ಇನ್ನು ಕೊರತೆಗಳು. ಮೇಯರ್ ಎಂದರೆ ನೀರು, ದೀಪ, ಚರಂಡಿ, ಮಾರುಕಟ್ಟೆ. ಗೆರಿಝಿಮ್ ಮತ್ತು ಎಬಾಲ್ ಬೆಟ್ಟಗಳ ನಡುವಿನ ಕಣಿವೆಯಲ್ಲಿರುವ, ಆಲಿವ್ ಎಣ್ಣೆಯ ಸಾಬೂನಿಗೆ ಹೆಸರಾದ ಈ ಊರು ದಿನನಿತ್ಯ ಹೇಗೆ ನಡೆಯುತ್ತದೆ ಎಂಬುದು ಉಪನ್ಯಾಸದಲ್ಲಿ ಕಾಣಲೇ ಇಲ್ಲ. ನೀರು ಸರಬರಾಜು ವಿಭಾಗದಲ್ಲಿ ದುಡಿದು ನಿವೃತ್ತರಾದವರೊಬ್ಬರು, ಸೇನಾಧಿಕಾರಿ ಕೂತ ಕಾಲದಲ್ಲಿ ನಲ್ಲಿಯ ಹೊಸ ಜೋಡಣೆಗೆ ಸಹಿ ಯಾರದು ಎಂದು ಕೇಳಿದರು. ಅಂದಿನ ಅತ್ಯುತ್ತಮ ಪ್ರಶ್ನೆ ಅದು, ಮತ್ತು ಅದಕ್ಕೆ ಉತ್ತರ ಸಿದ್ಧವಿರಲಿಲ್ಲ. 1976ರಲ್ಲಿ ಮೊದಲ ಸಲ ಮತ ಹಾಕಿದ ಮಹಿಳೆಯರ ವಿಷಯಕ್ಕೂ ಒಂದೇ ವಾಕ್ಯ ಸಾಲದು. ಮುಂದೆ 2005ರಲ್ಲಿ ರಾಮಲ್ಲಾಕ್ಕೆ, 2012ರಲ್ಲಿ ಬೆತ್ಲೆಹೆಮ್‌ಗೆ ಮಹಿಳಾ ಮೇಯರುಗಳು ಬಂದದ್ದನ್ನು ಅದರ ಜೊತೆಗೇ ಹೇಳಬಹುದಿತ್ತು.

ವ್ಯವಸ್ಥೆಯ ಮಟ್ಟಿಗೆ ಹೇಳುವುದಾದರೆ, ಪರದೆಯ ಮೇಲಿನ ನಕ್ಷೆಗಳು ಹಿಂದಿನ ಸಾಲಿಗೆ ಓದಲು ಬರುವುದಿಲ್ಲ, ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ಧ್ವನಿವರ್ಧಕವಿದ್ದೂ ಮಾತು ಕೇಳಿಸುವುದಿಲ್ಲ. ಆದ್ದರಿಂದ ಬೇಗ ಹೋಗಿ ಮುಂದೆ ಕೂರುವುದು ಒಳ್ಳೆಯದು. ಪುಸ್ತಿಕೆಯ ಮುದ್ರಣ ಅಚ್ಚುಕಟ್ಟಾಗಿದೆ, ಆದರೆ ಗೋಡೆಯ ಪಟ್ಟಿ ಅದರಲ್ಲಿಲ್ಲ. ಸಂಘಟಕರು ಮುಂದಿನ ಮುದ್ರಣದಲ್ಲಿ ಆ ಪಟ್ಟಿಯನ್ನು ಕೆಂಪು ಅಂಕಣದ ಸಮೇತ ಸೇರಿಸಬೇಕು, ಇದೇ ಉಪನ್ಯಾಸವನ್ನು ಶಿರಸಿ, ಕುಮಟಾಗಳಲ್ಲಿಯೂ ಏರ್ಪಡಿಸಬೇಕು ಎಂದು ಕೋರುತ್ತೇನೆ. ನಗರಸಭೆಗೆ ಸ್ಪರ್ಧಿಸುವ ಯೋಚನೆಯಲ್ಲಿರುವ ಯುವಕ ಯುವತಿಯರು ತಪ್ಪದೆ ಹೋಗಬೇಕಾದ ಉಪನ್ಯಾಸವಿದು, ಮತ್ತು ಅವರಿಗೆ ಶುಲ್ಕದಲ್ಲಿ ಅರ್ಧ ರಿಯಾಯಿತಿಯಿದೆ.