ನಮ್ಮ ಫೋಟೋ ಹಾಕಿ ಆಡೋ ಹಳೇ ಸ್ಟೈಲ್ ಶೂಟರ್, ನಿಜವಾಗ್ಲೂ ಚೆನ್ನಾಗಿದೆ

ಹಳೇ ಆರ್ಕೇಡ್ ಥರದ ಶೂಟರ್ ಗೇಮು, ಆದ್ರೆ ಶಿಪ್ ಓಡ್ಸೋರಿಗೆ ನಮ್ಮ ಮುಖ, ಮೇಲಿಂದ ಸಾಲಾಗಿ ಇಳಿಯೋ ಶತ್ರುಗಳಿಗೆ ಫ್ರೆಂಡ್ಸ್ ಮುಖ, ಕೊನೇಲಿ ಬರೋ ಬಾಸ್‌ಗೆ, ಅಂದ್ರೆ ದೊಡ್ಡ ಶತ್ರುಗೆ, ಯಾರದು ಬೇಕೋ ಅವರದು. ಫೋಟೋ ಹಾಕಿ ಒಂದ್ಸಲ ನಕ್ಕು ಡಿಲೀಟ್ ಮಾಡೋ ಆಪ್‌ಗಳೇ ಜಾಸ್ತಿ, ಇದು ಹಾಗಲ್ಲ, ಫೋಟೋ ಹಾಕದೇ ಆಡಿದ್ರೂ ಕೂತು ಆಡಿಸೋವಂಥ ಗೇಮು.

ಇದಕ್ಕೆಲ್ಲಾ ಮೂಲ 1978ರ ಸ್ಪೇಸ್ ಇನ್ವೇಡರ್ಸ್ ಅನ್ನೋ ಗೇಮು, ಟೈಟೋ ಕಂಪನಿಯಲ್ಲಿದ್ದ ತೊಮೊಹಿರೊ ನಿಶಿಕಾಡೊ ಮಾಡಿದ್ದು. ಅದರಲ್ಲಿ ಸಾಲಿಗೆ 11ರ ಹಾಗೆ 5 ಸಾಲು, ಒಟ್ಟು 55 ಏಲಿಯನ್‌ಗಳು, ಸಾಯ್ತಾ ಸಾಯ್ತಾ ಉಳಿದವು ಜೋರಾಗಿ ಓಡೋಕೆ ಶುರು ಮಾಡ್ತವೆ. ಅದು ಮೊದ್ಲೇ ಯೋಚಿಸಿ ಮಾಡಿದ್ದಲ್ಲ, ಆಗಿನ ಪ್ರೊಸೆಸರ್‌ಗೆ ಅಷ್ಟನ್ನೂ ತೋರ್ಸೋದು ಭಾರ ಆಗ್ತಿತ್ತು, ಕಮ್ಮಿ ಆದಂಗೆ ಸ್ಪೀಡ್ ತಾನಾಗೇ ಏರ್ತಿತ್ತು, ಅವರು ಅದನ್ನ ಹಾಗೇ ಬಿಟ್ರು. ಈಗಿನ ಫೋನ್‌ಗೆ ಆ ಕಷ್ಟ ಇಲ್ಲ, ಆದ್ರೂ ಈ ಗೇಮಲ್ಲಿ ಬೇಕಂತ್ಲೇ ಅದನ್ನ ತಂದಿದಾರೆ, ಸರಿಯಾಗೇ ತಂದಿದಾರೆ. ಎಲ್ಲಾ ಹೋಗಿ ಕೊನೇಗೆ ತಮ್ಮನ ಮುಖ ಒಂದೇ ಉಳ್ಕೊಂಡು ಈ ತುದಿಯಿಂದ ಆ ತುದಿಗೆ ಓಡ್ತಿದ್ರೆ, ಹೊಡೀತಿರೋ ಗುಂಡೆಲ್ಲಾ ಅವನ ಹಿಂದೆಹಿಂದೆನೇ ಹೋಗ್ತಿದ್ರೆ, ಪಕ್ಕದಲ್ಲಿ ಕೂತು ನೋಡ್ತಿರೋ ಅವನು ತನ್ನ ಮುಖಕ್ಕೇ ಸಪೋರ್ಟ್ ಮಾಡ್ತಾನೆ! ಸಾಲು ಬಿಟ್ಟು ಸುತ್ತು ಹಾಕ್ಕೊಂಡು ನಮ್ಮ ಮೇಲೇ ಬೀಳೋ ಶತ್ರುಗಳೂ ಇದಾರೆ, 1981ರ ಗ್ಯಾಲಗಾ ಅನ್ನೋ ಗೇಮ್ ಆಡಿದೋರಿಗೆ ಗೊತ್ತಾಗತ್ತೆ.

ಫೋಟೋ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. ಮುಖ ಅಷ್ಟು ಚಿಕ್ಕ ಚೌಕಗಳಿಗೆ ಇಳಿದಾಗ ಕಣ್ಣು ಮೂಗಿನ ಚಂದ ಎಲ್ಲಾ ಹೋಗ್ಬಿಡತ್ತೆ, ಉಳಿಯೋದು ಕೂದಲಿನ ಆಕಾರ, ಹುಬ್ಬು, ಮೀಸೆ, ಕನ್ನಡಕದ ಫ್ರೇಮ್ ಅಷ್ಟೇ. ಅದಕ್ಕೇ ನೀಟಾಗಿ ತೆಗೆಸಿದ ಪಾಸ್‌ಪೋರ್ಟ್ ಫೋಟೋಗಿಂತ ಬಾಯಿ ತೆರೆದು ಹಲ್ಲು ಬಿಟ್ಟು ನಗ್ತಿರೋ ಫೋಟೋ ಹಾಕಿ, ಹಲ್ಲು ಒಂದು ಬಿಳೀ ಪಟ್ಟಿ ಆಗಿ ಕಾಣ್ಸತ್ತೆ, ತಕ್ಷಣ ಯಾರು ಅಂತ ಗೊತ್ತಾಗತ್ತೆ. ಬೆಳಕು ಒಂದು ಪಕ್ಕದಿಂದ ಬಿದ್ದಿದ್ರೆ ಇನ್ನೂ ಒಳ್ಳೇದು. ಗ್ರೂಪ್ ಫೋಟೋದಿಂದ ಕತ್ತರಿಸಿದ್ದು ಬೇಡ, ಬರೀ ಮಸುಕು. ಹಿಂದಿನ ಬ್ಯಾಕ್‌ಗ್ರೌಂಡ್ ತಾನೇ ತೆಗೆಯತ್ತೆ ಆದ್ರೆ ಗುಂಗುರು ಕೂದಲಿದ್ರೆ ಅರ್ಧ ತಲೆನೂ ಸೇರಿಸಿ ಹಾರ್ಸಿಬಿಡತ್ತೆ, ಅದನ್ನ ಬೆರಳಲ್ಲಿ ಸರಿ ಮಾಡ್ಕೊಳ್ಳೋ ಆಪ್ಷನ್ ಇಲ್ಲ, ಇದು ನಂಗೆ ನಿಜವಾಗ್ಲೂ ಬೇಜಾರು.

ಸೌಂಡ್ ಪರ್ವಾಗಿಲ್ಲ.

ಇನ್ನೊಂದು, ಗ್ಯಾಲರಿ ಪರ್ಮಿಷನ್ ಕೇಳ್ದಾಗ ಎಲ್ಲಾ ಫೋಟೋನೂ ಕೊಡ್ಬೇಡಿ, ಆರಿಸಿದ ಫೋಟೋ ಮಾತ್ರ ಅಂತ ಕೊಟ್ರೂ ಆರಾಮಾಗಿ ನಡ್ಯತ್ತೆ. ನೆಟ್ ಆಫ್ ಮಾಡಿ ಫೋಟೋ ಹಾಕಿ ನೋಡ್ದೆ, ಹಾಗೂ ಕೆಲ್ಸ ಮಾಡ್ತು, ಅಂದ್ರೆ ಮುಖ ಕತ್ತರಿಸೋದೆಲ್ಲಾ ಫೋನಲ್ಲೇ ಆಗ್ತಿದೆ. ಬೇರೆಯವರ ಮುಖ ಹಾಕೋ ಮುಂಚೆ ದಯವಿಟ್ಟು ಒಂದ್ಮಾತು ಅವರನ್ನ ಕೇಳಿ, ಅದರಲ್ಲೂ ಸ್ಕ್ರೀನ್‌ಶಾಟ್ ಎಲ್ಲಾದ್ರೂ ಹಾಕೋದಿದ್ರೆ. ಮನೇಲಿ ಚಿಕ್ಕ ಮಕ್ಕಳಿದ್ರೆ ಅಜ್ಜಿ ತಾತನ್ನ ಶತ್ರು ಮಾಡ್ಬೇಡಿ, ಪೈಲಟ್ ಮಾಡಿ, ಅಜ್ಜಿನ ಉಳಿಸ್ಬೇಕು ಅಂತ ಮಕ್ಕಳು ಎಷ್ಟು ಹುಷಾರಾಗಿ ಆಡ್ತಾರೆ ನೋಡಿ.

ಮುಂದಿನ ಅಪ್‌ಡೇಟಲ್ಲಿ ಇಬ್ಬರು ಒಟ್ಟಿಗೆ ಆಡೋ ಮೋಡ್ ಮತ್ತೆ ಮುಖಗಳ ಸೆಟ್ ಸೇವ್ ಮಾಡೋ ಜಾಗ ಕೊಟ್ರೆ ಸಾಕು, ಈಗ ಗ್ಯಾಂಗ್ ಬದ್ಲಾದಾಗೆಲ್ಲಾ ಮೊದ್ಲಿಂದ ಫೋಟೋ ಹಾಕ್ಬೇಕು.