ಇಸ್ತ್ರಿ ಇದ್ದಿಲು ಅಂತ ಅರೆಬೆಂದ ಕಟ್ಟಿಗೆ ಮಾರ್ತಿದ್ದಾರೆ, ಮುರಿದು ನೋಡಿ ತಗೊಳ್ಳಿ

ಬಳ್ಳಾರಿ ಜಾಲಿ ಇದ್ದಿಲು, ‘ಫುಲ್ ಬೆಂದಿದೆ, ಹೊಗೆನೇ ಬರಲ್ಲ’ ಅಂತ ಹೇಳಿ ಕೊಟ್ಟ ಮೂಟೆ. ಇಸ್ತ್ರಿ ಪೆಟ್ಟಿಗೆಗೆ ತುಂಬಿದ್ದೇ ತಡ, ಹಳದಿ ಹೊಗೆ, ಕಣ್ಣುರಿ, ಗಿರಾಕಿಯ ಬಿಳಿ ಪಂಚೆ ಮೇಲೆ ಕಂದು ಕಲೆ. ಅವರೆದುರೇ ಮಾನ ಹೋಯ್ತು.

ಮಾರಿದವನಿಗೆ ಫೋನ್ ಮಾಡಿದ್ರೆ: ‘ಹೊಸ ಮಾಲು ಸಾರ್, ಪಸೆ ಇರತ್ತೆ, ಬಿಸಿಲಿಗೆ ಹಾಕಿ.’

ಪಸೆಯಂತೆ! ನೀರಿನ ಪಸೆಯಾದ್ರೆ ಬಿಳಿ ಹಬೆ ಬಂದು ಸ್ವಲ್ಪ ಹೊತ್ತಿಗೆ ನಿಲ್ಲತ್ತೆ. ಇದು ಟಾರು, ಪೂರ್ತಿ ಬೇಯದ ಕಟ್ಟಿಗೆಯಲ್ಲಿ ಉಳಿಯೋ ಅಂಟು ಎಣ್ಣೆ. ಯಾವ ಬಿಸಿಲಿಗೂ ಹೋಗಲ್ಲ. ಇದ್ದಿಲು ಸುಡೋ ಗೂಡನ್ನ ಬೇಗ ಮುಚ್ಚಿ ತೆಗೆದಿದ್ದಾರೆ, ಅಷ್ಟೆ. ಯಾಕೆ ಅಂದ್ರೆ ತೂಕ. 100 ಕಿಲೋ ಒಣ ಕಟ್ಟಿಗೆ 300 ಡಿಗ್ರಿಯಲ್ಲಿ ನಿಲ್ಲಿಸಿದ್ರೆ ಸುಮಾರು 42 ಕಿಲೋ ಸಿಗತ್ತೆ, ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಹೊಗೆಯಾಗಿ ಹೋಗೋ ಸರಕು. 500 ಡಿಗ್ರಿವರೆಗೆ ಬೇಯಿಸಿದ್ರೆ 33 ಕಿಲೋ, ಹೊಗೆ ಸರಕು ನೂರಕ್ಕೆ 13ರ ಹತ್ತಿರ. ಆ 9 ಕಿಲೋ ಹೊಗೆಗೆ ನಾವು ಇದ್ದಿಲಿನ ರೇಟು ಕೊಡ್ತಿದ್ದೀವಿ. ಹೊಗೆಗೆ!

ಜಗಳ ಜಾಸ್ತಿಯಾದ್ಮೇಲೆ ಬೇರೆ ಮೂಟೆ ಕಳಿಸಿದ, ಮೇಲೆ ದುಡ್ಡೂ ಕೇಳಿದ. ‘ಇದು 900 ಡಿಗ್ರಿ ಕಂಡಿದ್ದು ಸಾರ್, ಇಸ್ತ್ರಿಗೆ ನಂಬರ್ ಒನ್.’ ಮೊದಲನೇದಾಗಿ, ಇಸ್ತ್ರಿಗೆ 900 ಬೇಡವೇ ಬೇಡ. ಕಾವು ಏರಿದಷ್ಟೂ ಹೈಡ್ರೋಜನ್, ಆಮ್ಲಜನಕ ಹೊರಟುಹೋಗಿ ಇಂಗಾಲದ ಪುಟ್ಟ ಪುಟ್ಟ ಪದರಗಳು ಅಗಲವಾಗಿ, ಒತ್ತಾಗಿ ಕೂರ್ತವೆ. ಗಾಳಿಯ ಆಮ್ಲಜನಕಕ್ಕೆ ಸಿಗೋ ಅಂಚುಗಳು ಕಮ್ಮಿಯಾಗ್ತವೆ. ಅಂಥ ಇದ್ದಿಲು ಬೇಗ ಹೊತ್ತಲ್ಲ, ಪೆಟ್ಟಿಗೆಯ ಸಣ್ಣ ಗಾಳಿಗೆ ಆರಿಹೋಗತ್ತೆ. 450ರಿಂದ 550 ಸಾಕು. ಎರಡನೇದು, 900 ಕಂಡಿದ್ದು ಕರೆಂಟ್ ಹರಿಸತ್ತೆ. ಮಲ್ಟಿಮೀಟರ್ ಕಡ್ಡಿಗಳನ್ನ ತುಂಡಿನ ಎರಡು ಕಡೆ ಒತ್ತಿದ್ರೆ ಗೊತ್ತಾಗ್ಬೇಕು. ಒತ್ತಿದ್ರೆ ಓಪನ್ ಲೈನ್, ಅಂದ್ರೆ ಕರೆಂಟ್ ಹರೀತಾನೇ ಇಲ್ಲ. ಯಾವ ತುಂಡು ತಗೊಂಡ್ರೂ ಓಪನ್ ಲೈನ್! ಅದೇ ಗೂಡಿನ ಅದೇ ಮಾಲು, ಚೀಲ ಮಾತ್ರ ಬೇರೆ.

ಮೂಟೆ ಬಿಚ್ಚಿಸಿ, ತಳದಿಂದ ದಪ್ಪ ತುಂಡು ತೆಗೆದು ಮುರೀರಿ. ಚೆನ್ನಾಗಿ ಬೆಂದಿದ್ದು ಠಣ್ ಅನ್ನತ್ತೆ, ಮುರಿದ ಕಡೆ ಹೊಳಪಿನ ಕಪ್ಪು. ಅರೆಬೆಂದಿದ್ದು ಮೊಂಡು ಸದ್ದು, ತಿರುಳಲ್ಲಿ ಕಂದು ಬಣ್ಣ. ದುಡ್ಡು ಆಮೇಲೆ.

ಮೋಸ ಹೋದವರು ಎಸೀಬೇಡಿ. ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಮೊಳೆಯಷ್ಟು ತೂತು ಕೊರೆದು, ಇದ್ದಿಲು ತುಂಬಿ, ಬಯಲಲ್ಲಿ ಬೆಂಕಿ ಮೇಲಿಡಿ. ತೂತಿಂದ ಬರೋ ಹೊಗೆ ಹೊತ್ತಿ ಉರಿಯತ್ತೆ. ಡಬ್ಬ ಕೆಂಪಗಿದ್ದೂ ಆ ಉರಿ ತಾನಾಗೇ ಆರಿದ್ರೆ ಕೆಲಸ ಮುಗೀತು. ತೂತಿಗೆ ಮಣ್ಣು ಮೆತ್ತಿ, ಪೂರ್ತಿ ತಣ್ಣಗಾಗೋವರೆಗೂ ತೆಗೀಬೇಡಿ. ತೆಗೆದಮೇಲೂ ಒಂದು ದಿನ ಬಯಲಲ್ಲಿ ಹರಡಿ. ಹೊಸ ಇದ್ದಿಲು ಆಮ್ಲಜನಕ ಹೀರಿ ತಾನೇ ಬಿಸಿಯಾಗತ್ತೆ, ಮೂಟೆಯೊಳಗೇ ಬೆಂಕಿ ಹತ್ತಬಹುದು.

ಒಣಗಿಸಿ 10 ಕಿಲೋ ಹಾಕಿದ್ದು 8 ಕಿಲೋಗಿಂತ ಕಮ್ಮಿ ಬಂತು. ತೂಕದ ಫೋಟೋ ಕಳಿಸಿದ್ದಕ್ಕೆ ಅವನ ಉತ್ತರ: ‘ನೀವೇ ಸುಟ್ಟು ಹಾಳು ಮಾಡ್ಕೊಂಡಿದ್ದೀರಿ, ವಾಪಸ್ ತಗೊಳಲ್ಲ.’