ಉಪವಾಸವೋ, ದಾವೆಯೋ: ಒಂಟಿಸೆರೆಯ ವಿರುದ್ಧ ಎರಡು ದಾರಿ

ಒಂಟಿಸೆರೆಯ ಕೈದಿಗಳ ಬೆನ್ನಿಗೆ ನಿಲ್ಲುವವರು ಯಾವುದಕ್ಕೆ ಶಕ್ತಿ ಹಾಕಬೇಕು? ಅಮೆರಿಕದ ಕ್ಯಾಲಿಫೋರ್ನಿಯಾದ ಪೆಲಿಕನ್ ಬೇ ಜೈಲಿನ ಕೈದಿಗಳು ಎರಡೂ ದಾರಿ ಹಿಡಿದಿದ್ದರು.

ಉಪವಾಸ ಬೇಗ ಸುದ್ದಿಯಾಗುತ್ತದೆ. 2013ರ ಜುಲೈ 8ರಂದು ರಾಜ್ಯದ ಜೈಲುಗಳಲ್ಲಿ ಸುಮಾರು 30,000 ಮಂದಿ ಊಟ ನಿರಾಕರಿಸಿದರು. ಸತತ 9 ಊಟ ಬಿಟ್ಟ ಮೇಲಷ್ಟೇ ಅಧಿಕಾರಿಗಳು ಅದನ್ನು ಉಪವಾಸ ಮುಷ್ಕರವೆಂದು ಲೆಕ್ಕಕ್ಕೆ ತೆಗೆದುಕೊಂಡರು. ಬೆಲೆ ತೆರುವುದು ಮಾತ್ರ ದೇಹ. ಥಯಾಮಿನ್ (ಬಿ1 ವಿಟಮಿನ್) ಕೊರತೆಯಿಂದ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಮತ್ತೆ ಉಣ್ಣತೊಡಗಿದಾಗಲೂ ಅಪಾಯವಿದೆ: ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯವೇ ನಿಲ್ಲಬಹುದು, ಉಪವಾಸ ಮುರಿಯುವುದು ವೈದ್ಯರ ನಿಗಾದಲ್ಲೇ ಆಗಬೇಕು. ಬಲವಂತವಾಗಿ ಉಣಿಸುವುದನ್ನು ವಿಶ್ವ ವೈದ್ಯಕೀಯ ಸಂಘದ ಮಾಲ್ಟಾ ಘೋಷಣೆ ಒಪ್ಪುವುದಿಲ್ಲ. ಆದರೂ ಆ ಆಗಸ್ಟ್‌ನಲ್ಲಿ ಫೆಡರಲ್ ನ್ಯಾಯಾಲಯ ಅದಕ್ಕೆ ಅನುಮತಿ ಕೊಟ್ಟಿತು. ಸುಮಾರು 60 ದಿನಗಳ ಬಳಿಕ ಸಿಕ್ಕಿದ್ದು ಶಾಸಕರಿಂದ ವಿಚಾರಣಾ ಸಭೆಯ ಭರವಸೆ.

ದಾವೆ ನಿಧಾನ. ಪೆಲಿಕನ್ ಬೇ ಕೈದಿಗಳ 2012ರ ಆ್ಯಶ್ಕರ್ ಪ್ರಕರಣ ರಾಜಿಯಾದದ್ದು 2015ರಲ್ಲಿ. ಆದರೆ ಗ್ಯಾಂಗ್ ನಂಟಿನ ಕಾರಣಕ್ಕಷ್ಟೇ ಅನಿರ್ದಿಷ್ಟ ಕಾಲ ಒಂಟಿಯಾಗಿಡುವ ಪದ್ಧತಿ ನಿಂತದ್ದು ಆ ಒಪ್ಪಂದದಿಂದಲೇ.

ಒತ್ತಡ ಹುಟ್ಟಿಸಿದ್ದು ಉಪವಾಸ, ನಿಜ. ಆದರೂ ಹೊರಗಿರುವವರು ಮೊದಲು ದಾವೆಗೆ ಕೈಜೋಡಿಸಿ. ಜೈಲಿನೊಳಗಿನ ದೂರಿನ ಹಂತಗಳನ್ನೆಲ್ಲ ಮುಗಿಸದಿದ್ದರೆ, 1996ರ ಫೆಡರಲ್ ಕಾನೂನಿನಡಿ ಪ್ರಕರಣ ವಜಾ ಆಗಬಹುದು. ಪ್ರತಿ ದೂರಿನ ಪ್ರತಿ, ದಿನಾಂಕ, ಉತ್ತರ ಎತ್ತಿಡಿ.